ಕಳೆನಾಶಕದ ಸ್ಪರ್ಶ ವಿಷತ್ವ: ಜೇನುನೊಣಗಳ ಮೇಲೆ ಪರೀಕ್ಷೆ ನಡೆಸುವ ಕ್ರಮ

ಕೋಲಾರ, ಚಿಂತಾಮಣಿ, ತುಮಕೂರು ಕಡೆಯ ಕೃಷಿ ಮತ್ತು ತೋಟಗಾರಿಕೆ ವಿದ್ಯಾರ್ಥಿಗಳು ತಂದು ತೋರಿಸುವ ದಾಖಲೆಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಕಾಣಿಸುತ್ತದೆ. ಕಳೆನಾಶಕ ತಾಕಿಸಿದ ನೊಣಗಳು ಎಷ್ಟು ಸತ್ತಿವೆಯೋ, ಬರೀ ದ್ರಾವಕ ತಾಕಿಸಿದ ನೊಣಗಳೂ ಹೆಚ್ಚುಕಡಿಮೆ ಅಷ್ಟೇ ಸತ್ತಿರುತ್ತವೆ. ಅಂಥ ಪರೀಕ್ಷೆಯಿಂದ ಕಳೆನಾಶಕದ ಬಗ್ಗೆ ಒಂದು ಮಾತನ್ನೂ ಹೇಳಲು ಬರುವುದಿಲ್ಲ. ಹೆಚ್ಚಿನ ಕಳೆನಾಶಕಗಳು ಮೈಗೆ ತಾಕಿದ ಮಾತ್ರಕ್ಕೆ ಜೇನುನೊಣವನ್ನು ಬೇಗ ಕೊಲ್ಲುವಂಥವಲ್ಲ. ಆದ್ದರಿಂದ ಕೋಣೆಯ ಬಿಸಿ, ಹಿಡಿಯುವ ಕೈ, ಮೂರ್ಛೆಗೆ ಬಿಟ್ಟ ಅನಿಲ, ಆಹಾರಕ್ಕಿಟ್ಟು ಸೋರುವ ಸಕ್ಕರೆ ಪಾಕ ಇವುಗಳಿಂದಾದ ಸಾವು ಕಳೆನಾಶಕದ ನಿಜವಾದ ಪರಿಣಾಮವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಹಾಗಾಗಿ ಈ ಬರಹದಲ್ಲಿ ಔಷಧಿಗೆ ಕೈ ಹಾಕುವ ಮೊದಲಿನ ಕೆಲಸಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇಲ್ಲಿ ಅನುಸರಿಸಿರುವುದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 1998ರಲ್ಲಿ ಹೊರತಂದ 214ನೇ ಪರೀಕ್ಷಾ ಮಾರ್ಗಸೂಚಿಯನ್ನು. ಅದರ ಜೋಡಿಯಾದ 213ನೆಯದು ಪಾಕದಲ್ಲಿ ಬೆರೆಸಿ ಕುಡಿಸುವ ಪರೀಕ್ಷೆಗೆ ಸಂಬಂಧಿಸಿದ್ದು. ಎರಡನ್ನೂ ಬೆರೆಸಿಕೊಳ್ಳಬಾರದು. ನೊಣಗಳನ್ನು ಮೊದಲು ಉಪವಾಸ ಇಡುವ ಕ್ರಮ ಕುಡಿಸುವ ಪರೀಕ್ಷೆಗೆ ಸೇರಿದ್ದು. ಸ್ಪರ್ಶ ಪರೀಕ್ಷೆಯಲ್ಲಿ ಹಾಗೆ ಮಾಡಿ ನೊಣಗಳನ್ನು ಸುಸ್ತು ಮಾಡಿಕೊಂಡವರನ್ನು ಹಲವು ಸಲ ನೋಡಿದ್ದೇನೆ.

ಹಂತ 1: ಮೊದಲು ಕೋಣೆಯನ್ನು ಸಿದ್ಧಪಡಿಸಿ

ಪರೀಕ್ಷೆಯ ಉದ್ದಕ್ಕೂ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ಇರಬೇಕು. ಎರಡು ಡಿಗ್ರಿ ಮೇಲೆ ಕೆಳಗೆ ಆಗಬಹುದು. ತೇವಾಂಶ ಶೇ. 50ರಿಂದ 70ರೊಳಗೆ ಇರಬೇಕು. ನೋಡುವ ಹೊತ್ತನ್ನು ಬಿಟ್ಟು ಉಳಿದ ಸಮಯ ಪಂಜರಗಳು ಕತ್ತಲಲ್ಲಿರಬೇಕು. ಬಯಲುಸೀಮೆಯ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ತೆರೆದ ಕೋಣೆಯೊಂದು ಈ ಮಿತಿಯಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ತಂಪೂ ಮಾಡುವ, ಬಿಸಿಯೂ ಮಾಡುವ ಬಿಓಡಿ ಇನ್‌ಕ್ಯುಬೇಟರ್ ಬೇಕೇ ಬೇಕು. ಅದರ ಮುಖದ ಮೇಲೆ ಕಾಣುವ ಅಂಕಿಯನ್ನು ನಂಬದೆ, ಪಂಜರ ಇಡುವ ತಟ್ಟೆಯ ಮೇಲೆಯೇ ಗರಿಷ್ಠ ಮತ್ತು ಕನಿಷ್ಠ ತೋರಿಸುವ ತಾಪಮಾಪಕ ಇಟ್ಟು ಎರಡು ಹಗಲು ಎರಡು ರಾತ್ರಿ ಖಾಲಿ ಓಡಿಸಿ ನೋಡಿ.

ಕರೆಂಟಿನ ವಿಚಾರದಲ್ಲಿ ಉದಾಸೀನ ಸಲ್ಲದು. ನನ್ನ ಮೊದಲ ಪರೀಕ್ಷೆ ಹಾಳಾದದ್ದು ರಾತ್ರಿ ಕರೆಂಟು ಹೋಗಿ, ಮುಚ್ಚಿದ ಇನ್‌ಕ್ಯುಬೇಟರಿನೊಳಗೆ ಬಿಸಿ ಏರಿ. ಬೆಳಿಗ್ಗೆ ಬಂದಾಗ ಕರೆಂಟು ಬಂದಿತ್ತು, ಅಂಕಿ 25 ತೋರಿಸುತ್ತಿತ್ತು, ಗರಿಷ್ಠ ತಾಪಮಾಪಕ ಇಟ್ಟಿರಲಿಲ್ಲ. ಸತ್ತ ನೊಣಗಳಿಗೆ ಕಾರಣ ಹುಡುಕುತ್ತಾ ಹಲವು ದಿನ ಕಳೆದೆ. ಯುಪಿಎಸ್ ಇಲ್ಲದ ಕಡೆ ಪರೀಕ್ಷೆ ಆರಂಭಿಸುವುದೇ ಬೇಡ ಎಂಬುದು ನನ್ನ ಅಭಿಪ್ರಾಯ.

ತೇವಾಂಶಕ್ಕಾಗಿ ನೀರಿನ ತಟ್ಟೆ ಇಡುವುದು ವಾಡಿಕೆ. ಇನ್ನೂ ಸ್ಥಿರವಾಗಿ ಬೇಕಿದ್ದರೆ ಮೆಗ್ನೀಷಿಯಂ ನೈಟ್ರೇಟಿನ ತಳದಲ್ಲಿ ಉಪ್ಪು ಉಳಿಯುವಷ್ಟು ಗಟ್ಟಿ ದ್ರಾವಣ ಇಡಬಹುದು. ಮುಚ್ಚಿದ ಜಾಗದಲ್ಲಿ 25 ಡಿಗ್ರಿಯಲ್ಲಿ ಅದು ತೇವಾಂಶವನ್ನು ಸುಮಾರು ಶೇ. 53ರಲ್ಲಿ ಹಿಡಿದಿಡುತ್ತದೆ. ಅಡುಗೆ ಉಪ್ಪಿನ ದ್ರಾವಣ ಇಟ್ಟರೆ ಶೇ. 75ರ ಹತ್ತಿರ ಹೋಗುತ್ತದೆ, ಅದು ಮಿತಿಗಿಂತ ಹೆಚ್ಚು. ಇನ್‌ಕ್ಯುಬೇಟರಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ. ಪಾಕದ ವಾಸನೆಗೆ ಇರುವೆ ಒಂದು ರಾತ್ರಿಯಲ್ಲಿ ಸಾಲು ಹಿಡಿಯುತ್ತದೆ.

ಹಂತ 2: ಪಂಜರ, ಪಾಕ, ಸೂಜಿ

ಪಂಜರ ಉಕ್ಕಿನ ಜಾಲರಿಯದಾಗಲಿ, ಒಮ್ಮೆ ಬಳಸಿ ಬಿಸಾಡುವ ಮರದ್ದಾಗಲಿ ನಡೆಯುತ್ತದೆ. ಗಾಳಿ ಆಡಬೇಕು, ಹತ್ತು ನೊಣಗಳಿಗೆ ಓಡಾಡಲು ಜಾಗವಿರಬೇಕು. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಲೋಟಗಳನ್ನು ಔಷಧಿ ಕರಗಿಸುವ ದ್ರಾವಕವಾದ ಅಸಿಟೋನಿನ ಹತ್ತಿರ ತರಬೇಡಿ, ಅವುಗಳಲ್ಲಿ ಹಲವು ಕರಗುತ್ತವೆ. ಹಿಂದಿನ ಪ್ರಯೋಗದಲ್ಲಿ ಕೀಟನಾಶಕ ಕಂಡ ಪಂಜರವನ್ನು ಎಷ್ಟು ತೊಳೆದರೂ ಮತ್ತೆ ಬಳಸಬಾರದು.

ಆಹಾರವಾಗಿ ಸಕ್ಕರೆ ಪಾಕ ಸಾಕು. 250 ಗ್ರಾಂ ಸಕ್ಕರೆಗೆ ನೀರು ಸೇರಿಸಿ ಒಟ್ಟು 500 ಮಿಲಿಲೀಟರ್ ಆಗುವಂತೆ ಮಾಡಿದರೆ ಬೇಕಾದ ಗಟ್ಟಿತನ ಬರುತ್ತದೆ. 500 ಮಿಲಿಲೀಟರ್ ನೀರಿಗೆ 250 ಗ್ರಾಂ ಸುರಿದರೆ ಪಾಕ ನೀರಾಗುತ್ತದೆ. ಪಾಕ ಪರೀಕ್ಷೆಯುದ್ದಕ್ಕೂ ನೊಣಗಳಿಗೆ ಬೇಕೆಂದಾಗ ಸಿಗಬೇಕು. ತುದಿ ಕತ್ತರಿಸಿದ ಸಿರಿಂಜನ್ನು ತಲೆಕೆಳಗಾಗಿ ನಿಲ್ಲಿಸುವುದು ಸುಲಭವಾದ ಉಪಾಯ, ಆದರೆ ಒಂದು ರಾತ್ರಿ ಖಾಲಿ ಪಂಜರದಲ್ಲಿ ನಿಲ್ಲಿಸಿ ಸೋರುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ರೆಕ್ಕೆ ಅಂಟಿಕೊಂಡು, ಮೈ ಒದ್ದೆಯಾಗಿ, ಪಂಜರದ ತಳದಲ್ಲಿ ಬಿದ್ದ ನೊಣಗಳು ಕಂಡರೆ ಅದು ವಿಷದ ಲಕ್ಷಣವಲ್ಲ, ಸೋರಿದ ಪಾಕದ್ದು.

ಪ್ರತಿ ನೊಣಕ್ಕೆ ಹಾಕಬೇಕಾದದ್ದು ಒಂದು ಮೈಕ್ರೋಲೀಟರ್ ಹನಿ. ಇದಕ್ಕೆ 50 ಮೈಕ್ರೋಲೀಟರಿನ ಗಾಜಿನ ಸಿರಿಂಜು ಮತ್ತು ಗುಂಡಿ ಒತ್ತಿದಾಗಲೆಲ್ಲ ಅದರ ಐವತ್ತನೇ ಒಂದು ಪಾಲನ್ನು ಮಾತ್ರ ಹೊರಬಿಡುವ ಹಿಡಿಕೆ ಅನುಕೂಲ. ಬಳಸುವ ಮೊದಲು ಐವತ್ತು ಹನಿ ನೀರನ್ನು ಮುಚ್ಚಳವಿರುವ ಪುಟ್ಟ ಸೀಸೆಗೆ ಬಿಟ್ಟು ತೂಗಿ. ಸುಮಾರು 50 ಮಿಲಿಗ್ರಾಂ ಬರಬೇಕು. ಬಾರದಿದ್ದರೆ ಸೂಜಿ ಕಟ್ಟಿದೆ ಅಥವಾ ಗಾಳಿಗುಳ್ಳೆ ಇದೆ.

ಹಂತ 3: ನೊಣಗಳ ಆಯ್ಕೆ

ಮಾರ್ಗಸೂಚಿ ಬರೆದಿರುವುದು ಯುರೋಪಿನ ಜೇನುನೊಣವಾದ ಎಪಿಸ್ ಮೆಲ್ಲಿಫೆರಾವನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮ ತುಡುವೆ ನೊಣ ಅದಕ್ಕಿಂತ ಚಿಕ್ಕದು. ತುಡುವೆಯ ಮೇಲೂ ಇದೇ ಕ್ರಮದಲ್ಲಿ ಪರೀಕ್ಷೆ ಮಾಡಬಹುದು, ಮಾಡಬೇಕು ಕೂಡ, ಏಕೆಂದರೆ ನಮ್ಮ ಹೊಲದ ಬದುಗಳಲ್ಲಿ ತುಂಬೆ ಹೂವಿನ ಮೇಲೆ ಕೂರುವುದು ಅದೇ. ಆದರೆ ಯಾವ ನೊಣ ಎಂಬುದನ್ನು ಶೀರ್ಷಿಕೆಯಲ್ಲಿಯೇ ಹೇಳಿ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೊಂದಿಸಬೇಡಿ.

ಒಂದೇ ತಳಿಯ, ಹೆಚ್ಚುಕಡಿಮೆ ಒಂದೇ ವಯಸ್ಸಿನ, ಎಳೆಯ ಕೆಲಸಗಾರ ನೊಣಗಳು ಬೇಕು. ರಾಣಿ ಚೆನ್ನಾಗಿ ಮೊಟ್ಟೆ ಇಡುತ್ತಿರುವ, ರೋಗವಿಲ್ಲದ ಕುಟುಂಬಗಳಿಂದ, ಮರಿಗಳಿಲ್ಲದ ಎರಿಯ ಮೇಲಿನ ನೊಣಗಳನ್ನು ತೆಗೆಯಿರಿ. ಪೆಟ್ಟಿಗೆಯ ಬಾಗಿಲಲ್ಲಿ ಹಾರಿ ಬರುವ ನೊಣಗಳನ್ನು ಹಿಡಿಯುವುದು ಸುಲಭವೆಂದು ಕಂಡರೂ ಅವು ಮುದಿ ನೊಣಗಳು. ಎರಡನೆಯ ದಿನ ತಾವಾಗಿ ಸಾಯುತ್ತವೆ. ಹೋಲಿಕೆ ಗುಂಪಿನಲ್ಲಿ, ಅಂದರೆ ಔಷಧಿ ತಾಕಿಸದೆ ಹೋಲಿಸಲೆಂದು ಇಟ್ಟ ನೊಣಗಳಲ್ಲಿ, 24 ಗಂಟೆಯವರೆಗೆ ಸಾವಿಲ್ಲದೆ, ಆಮೇಲೆ ಒಮ್ಮೆಗೇ ಏರಿದರೆ ಮೊದಲು ವಯಸ್ಸನ್ನು ಸಂಶಯಿಸಿ. ವರೋವಾ ನುಸಿಗೋ ಬೇರೆ ರೋಗಕ್ಕೋ ಔಷಧಿ ಕೊಟ್ಟ ಕುಟುಂಬವಾದರೆ ಕೊನೆಯ ಔಷಧಿಯಿಂದ ನಾಲ್ಕು ವಾರ ಕಳೆಯುವವರೆಗೆ ಅದನ್ನು ಬಳಸಬಾರದು.

ಕಾಲದ ಆಯ್ಕೆಯೂ ಮುಖ್ಯ. ಹೂವಿಲ್ಲದ ಮಳೆಗಾಲದ ದಿನಗಳಲ್ಲಿ ಕುಟುಂಬ ಬಡವಾಗಿರುತ್ತದೆ. ಹುಚ್ಚೆಳ್ಳು ಹೂಬಿಟ್ಟಾಗ ಅಥವಾ ಹೊಂಗೆ ಹೂಬಿಡುವ ಹೊತ್ತಿಗೆ ನೊಣಗಳು ತುಂಬಿ ಗಟ್ಟಿಯಾಗಿರುತ್ತವೆ. ಶ್ರೀನಿವಾಸಪುರದ ಸುತ್ತ ಮಾವು ಹೂಬಿಡುವ ಕಾಲ ಬೇರೆ ಕಾರಣಕ್ಕೆ ಅಪಾಯದ್ದು: ಜಿಗಿಹುಳುವಿಗೆ ಹೊಡೆದ ಕೀಟನಾಶಕ ನಿಮ್ಮ ನೊಣಗಳಿಗೆ ಮೊದಲೇ ತಾಕಿರಬಹುದು. ಟೊಮೇಟೊ ತೋಟಗಳ ನಡುವೆ ಇಟ್ಟ ಪೆಟ್ಟಿಗೆಗಳಿಗೂ ಇದೇ ಮಾತು. ಪೆಟ್ಟಿಗೆಯ ಮುಂದೆ ನಾಲಿಗೆ ಚಾಚಿ ಸತ್ತ ನೊಣಗಳು ಬಿದ್ದಿದ್ದರೆ ಆ ಕುಟುಂಬವನ್ನು ಕೈಬಿಡಿ.

ಮೂರು ಕುಟುಂಬಗಳಿಂದ ನೊಣ ತೆಗೆದು, ಪ್ರತಿ ಪ್ರಮಾಣದ ಮೂರು ಪಂಜರಗಳಿಗೆ ಕುಟುಂಬಕ್ಕೊಂದರಂತೆ ಹಂಚಿದರೆ, ಒಂದು ಕುಟುಂಬ ಕೆಟ್ಟಿದ್ದರೂ ಅದು ಅಂಕಿಯಲ್ಲಿ ಎದ್ದು ಕಾಣುತ್ತದೆ. ನೊಣಗಳನ್ನು ಪರೀಕ್ಷೆಯ ದಿನ ಬೆಳಿಗ್ಗೆ ಅಥವಾ ಹಿಂದಿನ ಸಂಜೆ ತಂದು ಅದೇ ಉಷ್ಣಾಂಶದಲ್ಲಿ ಪಾಕ ಕೊಟ್ಟು ಇಡಿ. ಸಾಗಿಸುವಾಗ ಬೈಕಿನ ಡಬ್ಬಿಯೊಳಗೆ ಬಿಸಿಲಿನಲ್ಲಿ ಬಿಟ್ಟರೆ ಮುಂದಿನ ಯಾವ ಎಚ್ಚರಿಕೆಯೂ ಕೆಲಸಕ್ಕೆ ಬರುವುದಿಲ್ಲ.

ಹಂತ 4: ಔಷಧಿಯಿಲ್ಲದ ತಾಲೀಮು

ಎಲ್ಲರೂ ಬಿಟ್ಟುಬಿಡುವ ಹಂತ ಇದೇ, ಮತ್ತು ಬಹುಪಾಲು ಸೋಲುಗಳಿಗೆ ಮದ್ದು ಇರುವುದೂ ಇಲ್ಲಿಯೇ. ಕಳೆನಾಶಕವನ್ನು ಬೀರುವಿನಲ್ಲಿಯೇ ಇಟ್ಟು, ಒಂಬತ್ತು ಪಂಜರ, 90 ನೊಣಗಳೊಂದಿಗೆ ಪೂರ್ತಿ 48 ಗಂಟೆ ತಾಲೀಮು ಮಾಡಿ. ಮೂರು ಪಂಜರಗಳ ನೊಣಗಳಿಗೆ ಮೂರ್ಛೆಯನ್ನೂ ಕೊಡಬೇಡಿ, ಏನನ್ನೂ ಹಾಕಬೇಡಿ. ಇನ್ನು ಮೂರರಲ್ಲಿ ಮೂರ್ಛೆ ಕೊಟ್ಟು ನೀರಿನ ಹನಿ ಹಾಕಿ. ಕೊನೆಯ ಮೂರರಲ್ಲಿ ಮೂರ್ಛೆ ಕೊಟ್ಟು ಅಸಿಟೋನಿನ ಹನಿ ಹಾಕಿ.

ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತಪ್ಪು ಎಲ್ಲಿದೆಯೆಂದು ತಾನೇ ತಿಳಿಯುತ್ತದೆ. ಮೂರರಲ್ಲೂ ಸಾವು ಕಂಡರೆ ನೊಣ, ಪಾಕ ಅಥವಾ ಕೋಣೆಯ ತಪ್ಪು. ಮೊದಲನೆಯದು ಚೆನ್ನಾಗಿದ್ದು ಉಳಿದೆರಡು ಸತ್ತರೆ ಅನಿಲದ ಅಥವಾ ಕೈಯ ತಪ್ಪು. ಅಸಿಟೋನಿನದು ಮಾತ್ರ ಸತ್ತರೆ ಹನಿ ದೊಡ್ಡದಾಗಿದೆ, ಅಸಿಟೋನ್ ಶುದ್ಧವಿಲ್ಲ, ಅಥವಾ ಆವಿ ಆರುವ ಮೊದಲೇ ಪಂಜರವನ್ನು ಮುಚ್ಚಿದ ಇನ್‌ಕ್ಯುಬೇಟರಿಗೆ ಸೇರಿಸಿದ್ದೀರಿ. ಮಾರ್ಗಸೂಚಿ ಹೋಲಿಕೆ ಗುಂಪಿನಲ್ಲಿ ಸರಾಸರಿ ಶೇ. 10ರವರೆಗಿನ ಸಾವನ್ನು ಒಪ್ಪುತ್ತದೆ, ಅಂದರೆ 30ರಲ್ಲಿ ಮೂರು. ತಾಲೀಮಿನಲ್ಲಿ 30ಕ್ಕೆ ಒಂದೆರಡಕ್ಕಿಂತ ಹೆಚ್ಚು ಸತ್ತರೆ ನಾನು ಮುಂದೆ ಹೋಗಲು ಬಿಡುವುದಿಲ್ಲ. ನಿಜವಾದ ಪರೀಕ್ಷೆಯ ದಿನ ಕೆಲಸದ ಒತ್ತಡ ಇದಕ್ಕಿಂತ ಹೆಚ್ಚಿರುತ್ತದೆ.

ಹಂತ 5: ದ್ರಾವಣಗಳ ಲೆಕ್ಕ

ಕಳೆನಾಶಕಗಳಿಗೆ ಸಾಮಾನ್ಯವಾಗಿ ಮೊದಲು ಮಾಡುವುದು ಮಿತಿ ಪರೀಕ್ಷೆ. ಪ್ರತಿ ನೊಣಕ್ಕೆ 100 ಮೈಕ್ರೋಗ್ರಾಂ ಸಕ್ರಿಯ ಅಂಶ (ಉತ್ಪನ್ನದಲ್ಲಿ ಕಳೆ ಕೊಲ್ಲುವ ಮೂಲ ವಸ್ತು) ತಾಕಿಸಿ, ಹೋಲಿಕೆ ಗುಂಪಿಗಿಂತ ಹೆಚ್ಚು ಸಾವಿಲ್ಲದಿದ್ದರೆ ಎಲ್‌ಡಿ50 ಅದಕ್ಕಿಂತ ಮೇಲಿದೆ ಎಂದು ಬರೆದು ಅಲ್ಲಿಗೆ ನಿಲ್ಲಿಸಬಹುದು. ಎಲ್‌ಡಿ50 ಎಂದರೆ ಅರ್ಧದಷ್ಟು ನೊಣಗಳನ್ನು ಕೊಲ್ಲುವ ಪ್ರಮಾಣ. ಸಾವು ಕಂಡರೆ ಕನಿಷ್ಠ ಐದು ಪ್ರಮಾಣಗಳ ಪೂರ್ಣ ಪರೀಕ್ಷೆ ಬೇಕು. ಒಂದರಿಂದ ಇನ್ನೊಂದಕ್ಕೆ 2.2 ಪಟ್ಟಿಗಿಂತ ಹೆಚ್ಚು ಅಂತರ ಇರಬಾರದು. 100, 50, 25, 12.5, 6.25 ಎಂದು ಅರ್ಧ ಅರ್ಧ ಇಳಿಸುವುದು ಲೆಕ್ಕಕ್ಕೆ ಸುಲಭ.

ಒಂದು ಮೈಕ್ರೋಲೀಟರಿನಲ್ಲಿ 100 ಮೈಕ್ರೋಗ್ರಾಂ ಇರಬೇಕೆಂದರೆ ಲೀಟರಿಗೆ 100 ಗ್ರಾಂ, ಅಂದರೆ 10 ಮಿಲಿಲೀಟರಿಗೆ ಒಂದು ಗ್ರಾಂ. ಇದು ಬಹಳ ಗಟ್ಟಿಯಾದ ದ್ರಾವಣ, ಆದ್ದರಿಂದ ಎಡವುವುದೂ ಇಲ್ಲಿಯೇ. ಪೆಂಡಿಮೆಥಾಲಿನ್ ಅಸಿಟೋನಿನಲ್ಲಿ ಚೆನ್ನಾಗಿ ಕರಗುತ್ತದೆ, ಶೇ. 95 ಶುದ್ಧತೆಯದಾದರೆ 1.053 ಗ್ರಾಂ ತೂಗಿ, 10 ಮಿಲಿಲೀಟರಿನ ಗುರುತು ಫ್ಲಾಸ್ಕಿನಲ್ಲಿ ಗೆರೆಯವರೆಗೆ ತುಂಬಿಸಿದರೆ ಮುಗಿಯಿತು. ಜೋಳಕ್ಕೆ ಹಾಕುವ ಅಟ್ರಜಿನ್ ಹಾಗಲ್ಲ, ಅಸಿಟೋನಿನಲ್ಲಿ ಲೀಟರಿಗೆ ಸುಮಾರು 31 ಗ್ರಾಂ ಮಾತ್ರ ಕರಗುತ್ತದೆ. ಗಸಿ ತಳದಲ್ಲಿ ಕೂತ ಸೀಸೆಯನ್ನು ಅಲ್ಲಾಡಿಸಿ ಹನಿ ಹಾಕಿದವರ ಅಂಕಿಗಳಿಗೆ ಅರ್ಥವಿಲ್ಲ. ಅಂಥಲ್ಲಿ ನಿಜವಾಗಿ ಕರಗುವ ಗರಿಷ್ಠ ಪ್ರಮಾಣದಲ್ಲಿಯೇ ಪರೀಕ್ಷೆ ಮಾಡಿ, ಆ ಅಂಕಿಯನ್ನೇ ವರದಿಯಲ್ಲಿ ಬರೆಯಬೇಕು. ಹನಿಯ ಗಾತ್ರ ಹೆಚ್ಚಿಸುವುದಾದರೆ ಕಾರಣ ತಿಳಿಸಿ, ಹೋಲಿಕೆ ಗುಂಪಿಗೂ ಅಷ್ಟೇ ದೊಡ್ಡ ಹನಿ ಹಾಕಬೇಕು.

ಗ್ಲೈಫೋಸೇಟ್ ಅಸಿಟೋನಿನಲ್ಲಿ ಕರಗುವುದೇ ಇಲ್ಲ, ಅದರ ಆಮ್ಲರೂಪ ನೀರಿನಲ್ಲಿಯೂ ಬೇಕಾದಷ್ಟು ಕರಗುವುದಿಲ್ಲ. ಅಂಗಡಿಯಲ್ಲಿ ಸಿಗುವ 41% ಎಸ್‌ಎಲ್ (ನೀರಿನಲ್ಲಿ ಕರಗುವ ದ್ರವ) ಎಂಬುದು ಐಸೊಪ್ರೊಪೈಲ್ ಅಮೀನ್ ಲವಣ. 41 ಎಂಬುದು ಲವಣದ ತೂಕ, ಆಮ್ಲದ್ದಲ್ಲ. ಲವಣದ ತೂಕವನ್ನು 0.741ರಿಂದ ಗುಣಿಸಿದರೆ ಆಮ್ಲದ ತೂಕ ಸಿಗುತ್ತದೆ, ಅಂದರೆ ಸುಮಾರು ಶೇ. 30.4. ಹಾಗಾಗಿ ಒಂದು ಗ್ರಾಂ ಆಮ್ಲಕ್ಕೆ 3.29 ಗ್ರಾಂ ಉತ್ಪನ್ನ ತೂಗಿ ನೀರಿನಿಂದ 10 ಮಿಲಿಲೀಟರಿಗೆ ತರಬೇಕು. ಲವಣವನ್ನೇ ಆಮ್ಲವೆಂದು ಎಣಿಸಿದರೆ ಪ್ರಮಾಣ ಕಾಲು ಭಾಗ ಕಡಿಮೆಯಾಗುತ್ತದೆ.

ನೀರಿನ ಹನಿ ನೊಣದ ಬೆನ್ನಿನ ಕೂದಲ ಮೇಲೆ ಮಣಿಯಂತೆ ನಿಂತು ಉರುಳಿ ಬೀಳುತ್ತದೆ. ಅದಕ್ಕೆ ಟ್ವೀನ್ ಅಥವಾ ಟ್ರೈಟಾನ್‌ನಂಥ ತೇವಕಾರಕವನ್ನು ಅತಿ ತೆಳುವಾಗಿ ಬೆರೆಸಬೇಕಾಗುತ್ತದೆ, ಮತ್ತು ಅದೇ ತೇವಕಾರಕ ಬೆರೆಸಿದ ನೀರಿನ ಪ್ರತ್ಯೇಕ ಹೋಲಿಕೆ ಗುಂಪು ಇರಲೇಬೇಕು. ಅಂಗಡಿಯ ಸಿದ್ಧ ಉತ್ಪನ್ನದಲ್ಲಿ ಇಂಥ ಸಹಾಯಕ ವಸ್ತುಗಳು ಮೊದಲೇ ಇರುತ್ತವೆ, ಅವೂ ನೊಣಕ್ಕೆ ಹಾನಿ ಮಾಡಬಲ್ಲವು. ಆದ್ದರಿಂದ ಸಿದ್ಧ ಉತ್ಪನ್ನದ ಫಲಿತಾಂಶವನ್ನು ಶುದ್ಧ ಸಕ್ರಿಯ ಅಂಶದ ಫಲಿತಾಂಶವೆಂದು ಬರೆಯಬಾರದು. ಸಾಧ್ಯವಿದ್ದರೆ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ.

ಇದರ ಜೊತೆಗೆ ಮಾದರಿ ವಿಷವಾಗಿ, ಅಂದರೆ ನೊಣಗಳನ್ನು ಕೊಲ್ಲುತ್ತದೆಂದು ಮೊದಲೇ ಗೊತ್ತಿರುವ ವಸ್ತುವಾಗಿ, ಡೈಮಿಥೊಯೇಟ್ ಎಂಬ ಕೀಟನಾಶಕ ಬೇಕು. 10 ಮಿಲಿಗ್ರಾಮನ್ನು 10 ಮಿಲಿಲೀಟರ್ ಅಸಿಟೋನಿನಲ್ಲಿ ಕರಗಿಸಿ ಮೂಲ ದ್ರಾವಣ ಮಾಡಿ. ಅದರಿಂದ 0.5, 1, 2, 4 ಮಿಲಿಲೀಟರ್ ತೆಗೆದು ಪ್ರತಿಯೊಂದನ್ನೂ 10 ಮಿಲಿಲೀಟರಿಗೆ ತಂದರೆ ನೊಣಕ್ಕೆ 0.05, 0.1, 0.2, 0.4 ಮೈಕ್ರೋಗ್ರಾಂ ಸಿಗುತ್ತದೆ. ಮೆಲ್ಲಿಫೆರಾ ನೊಣದಲ್ಲಿ ಇದರ ಸ್ಪರ್ಶ ಎಲ್‌ಡಿ50 ಸಾಮಾನ್ಯವಾಗಿ 0.10ರಿಂದ 0.30 ಮೈಕ್ರೋಗ್ರಾಂ ನಡುವೆ ಬರಬೇಕು. ಬಂದರೆ ನಿಮ್ಮ ನೊಣ, ನಿಮ್ಮ ಹನಿ, ನಿಮ್ಮ ಕೈ ಮೂರೂ ಸರಿಯಿವೆ ಎಂದರ್ಥ. ಡೈಮಿಥೊಯೇಟಿನ ಪಂಜರಗಳಲ್ಲಿಯೂ ನೊಣಗಳು ಸಾಯದೆ ಉಳಿದರೆ, ಕಳೆನಾಶಕ ಸುರಕ್ಷಿತವೆಂದು ಸಂತೋಷಪಡಬೇಡಿ, ನಿಮ್ಮ ಹನಿ ನೊಣಕ್ಕೆ ತಲುಪಿಯೇ ಇಲ್ಲ.

ಹಂತ 6: ಹನಿ ಹಾಕುವುದು

ಇಂಗಾಲದ ಡೈಆಕ್ಸೈಡಿನ ಮೂರ್ಛೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಸಿಲಿಂಡರಿನಿಂದ ನೇರವಾಗಿ ಬರುವ ಅನಿಲ ಬಹಳ ತಣ್ಣಗಿರುತ್ತದೆ. ನೀರಿನ ಸೀಸೆಯ ಮೂಲಕ ಹಾಯಿಸಿದರೆ ಹರಿವೂ ಕಣ್ಣಿಗೆ ಕಾಣುತ್ತದೆ. ನೊಣಗಳು ಬಿದ್ದು ಅಲುಗಾಟ ನಿಲ್ಲಿಸಿದ ಕ್ಷಣ ಅನಿಲ ನಿಲ್ಲಿಸಿ. ಹತ್ತು ಹತ್ತರಂತೆ ಮಾತ್ರ ಮೂರ್ಛೆಗೊಳಿಸಿ. ಮೂವತ್ತನ್ನು ಒಟ್ಟಿಗೆ ಮಲಗಿಸಿದರೆ ಕೊನೆಯವು ಏಳುವುದನ್ನು ತಡೆಯಲು ಮತ್ತೆ ಅನಿಲ ಬಿಡಬೇಕಾಗುತ್ತದೆ, ಆ ಎರಡನೆಯ ಸುತ್ತೇ ಅವನ್ನು ಕೊಲ್ಲುತ್ತದೆ. ಕಿಟಕಿ ತೆರೆದಿರಲಿ. ಅಸಿಟೋನ್ ಇರುವ ಕೋಣೆಯಲ್ಲಿ ಹೊಗೆ ತಿದಿಯಾಗಲಿ, ದೀಪವಾಗಲಿ, ಬೆಂಕಿಕಡ್ಡಿಯಾಗಲಿ ಬೇಡ.

ಹನಿ ಬೀಳಬೇಕಾದದ್ದು ಎದೆಭಾಗದ ಮೇಲ್ಬೆನ್ನಿನ ನಡುವೆ, ಎರಡು ರೆಕ್ಕೆಗಳ ಬುಡದ ಮಧ್ಯೆ. ಹೊಟ್ಟೆಯ ಮೇಲೆ ಬಿದ್ದರೆ, ತಲೆಗೆ ಹರಿದರೆ ಆ ನೊಣವನ್ನು ತೆಗೆದು ಬೇರೊಂದನ್ನು ಸೇರಿಸಿ, ಅದನ್ನು ಬರೆದಿಡಿ. ಪೆಂಡಿಮೆಥಾಲಿನ್ ಕಿತ್ತಳೆ ಹಳದಿ ಬಣ್ಣದ್ದಾದ್ದರಿಂದ ಹನಿ ಎಲ್ಲಿ ಬಿತ್ತೆಂದು ಕಾಣುತ್ತದೆ. ಕಲಿಯುವವರಿಗೆ ಇದು ಒಳ್ಳೆಯ ಪಾಠ. ಮೊದಲು ನೀರು, ಆಮೇಲೆ ಅಸಿಟೋನ್, ಆಮೇಲೆ ಕಡಿಮೆ ಪ್ರಮಾಣದಿಂದ ಹೆಚ್ಚಿನದರ ಕಡೆಗೆ ಹೋಗಿ. ಡೈಮಿಥೊಯೇಟಿಗೆ ಬೇರೆಯೇ ಸಿರಿಂಜು ಇರಲಿ, ಅದು ಕೊನೆಯಲ್ಲಿ ಬರಲಿ. ಸೀಸೆಗಳ ಮುಚ್ಚಳವನ್ನು ಪ್ರತಿ ಸಲ ಮುಚ್ಚಿ. ಅಸಿಟೋನ್ ಆರಿದಂತೆ ದ್ರಾವಣ ಗಟ್ಟಿಯಾಗುತ್ತಾ ಹೋಗುತ್ತದೆ. ಅಸಿಟೋನ್ ತೆಳು ನೈಟ್ರೈಲ್ ಕೈಗವಸಿನೊಳಗೂ ಬೇಗ ಇಳಿಯುವುದರಿಂದ ಚೆಲ್ಲಿದ ಕೂಡಲೇ ಕೈಗವಸು ಬದಲಿಸಬೇಕು.

ಹಂತ 7: ನೋಡುವುದು, ಬರೆಯುವುದು

ಎಣಿಕೆ 4, 24 ಮತ್ತು 48 ಗಂಟೆಗಳಿಗೆ. ಜೇನುನೊಣಕ್ಕೆ ಕೆಂಪು ಬಣ್ಣ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಮಂದವಾದ ಕೆಂಪು ಬೆಳಕಿನಲ್ಲಿ ನೋಡಿದರೆ ಅವು ಗಾಬರಿಯಾಗುವುದಿಲ್ಲ. ಮೆತ್ತನೆಯ ಕುಂಚದಿಂದ ಮುಟ್ಟಿದಾಗಲೂ ಕಾಲು, ಮೀಸೆ ಅಲುಗಿಸದ ನೊಣವನ್ನು ಮಾತ್ರ ಸತ್ತದ್ದೆಂದು ಎಣಿಸಿ. ತತ್ತರಿಸುವುದು, ಬೆನ್ನ ಮೇಲೆ ಬಿದ್ದು ಕಾಲಾಡಿಸುವುದು, ಮೂಲೆಯಲ್ಲಿ ಮಂಕಾಗಿ ಕೂರುವುದು ಇವುಗಳಿಗೆ ಬೇರೆ ಕಾಲಂ ಇರಲಿ. ಯಾವ ಪಂಜರದಲ್ಲಿ ಯಾವ ಪ್ರಮಾಣವಿದೆ ಎಂಬುದು ಎಣಿಸುವವರಿಗೆ ತಿಳಿಯದಂತೆ ಸಂಖ್ಯೆ ಕೊಟ್ಟರೆ ಇನ್ನೂ ಒಳ್ಳೆಯದು.

24ರಿಂದ 48 ಗಂಟೆಯ ನಡುವೆ ಸಾವು ಶೇ. 10ಕ್ಕಿಂತ ಹೆಚ್ಚು ಏರಿ, ಹೋಲಿಕೆ ಗುಂಪು ಮಾತ್ರ ಮಿತಿಯೊಳಗೆ ಉಳಿದಿದ್ದರೆ ಅಲ್ಲಿಗೆ ನಿಲ್ಲಿಸಬಾರದು. 96 ಗಂಟೆಯವರೆಗೆ ಮುಂದುವರಿಸಬೇಕು. ನಿಧಾನವಾಗಿ ಕೊಲ್ಲುವ ವಸ್ತು ಸಿಕ್ಕಿಬೀಳುವುದು ಹೀಗೆ. ಶನಿವಾರ ಭಾನುವಾರ ಬರುತ್ತದೆಂದು 48ಕ್ಕೇ ಮುಗಿಸುವವರು ಸೋಮವಾರ ಬೆಳಿಗ್ಗೆಯೇ ಆರಂಭಿಸಲಿ.

ಹಂತ 8: ಲೆಕ್ಕ

ಮೊದಲು ಹೋಲಿಕೆ ಗುಂಪನ್ನು ನೋಡಿ. 30ರಲ್ಲಿ ನಾಲ್ಕು ಸತ್ತಿದ್ದರೆ ಶೇ. 13.3 ಆಯಿತು, ಪರೀಕ್ಷೆ ರದ್ದು. ಮಿತಿಯೊಳಗಿದ್ದರೆ 1925ರಿಂದ ಬಳಕೆಯಲ್ಲಿರುವ ಅಬ್ಬಟ್ ಸೂತ್ರದಿಂದ ಸರಿಪಡಿಸಿ: ಔಷಧಿ ಗುಂಪಿನ ಶೇಕಡಾ ಸಾವಿನಿಂದ ಹೋಲಿಕೆ ಗುಂಪಿನದನ್ನು ಕಳೆದು, 100ರಿಂದ ಹೋಲಿಕೆ ಗುಂಪಿನದನ್ನು ಕಳೆದ ಉಳಿಕೆಯಿಂದ ಭಾಗಿಸಿ, ನೂರರಿಂದ ಗುಣಿಸಿ. ಹೋಲಿಕೆಯಲ್ಲಿ 30ಕ್ಕೆ 2, ಔಷಧಿಯಲ್ಲಿ 30ಕ್ಕೆ 9 ಸತ್ತಿದ್ದರೆ ಸರಿಪಡಿಸಿದ ಸಾವು ಶೇ. 25. ಕೆಲವರು ಮಿತಿ ಮೀರಿದ ಹೋಲಿಕೆ ಗುಂಪನ್ನೂ ಈ ಸೂತ್ರದಿಂದ ಸರಿಪಡಿಸಲು ಹೋಗುತ್ತಾರೆ. ಕೆಟ್ಟ ಪರೀಕ್ಷೆಯನ್ನು ಒಳ್ಳೆಯದು ಮಾಡುವ ಸೂತ್ರ ಇದಲ್ಲ. ಪೂರ್ಣ ಪರೀಕ್ಷೆಯ ಎಲ್‌ಡಿ50ಯನ್ನು ಪ್ರಮಾಣಕ್ಕೂ ಸಾವಿಗೂ ಇರುವ ಸಂಬಂಧವನ್ನು ಗೆರೆಯಾಗಿ ಹೊಂದಿಸುವ ಪ್ರೊಬಿಟ್ ವಿಶ್ಲೇಷಣೆಯಿಂದ ತೆಗೆದು, ಶೇ. 95ರ ವಿಶ್ವಾಸ ಮಿತಿಗಳೊಂದಿಗೆ ಕೊಡಿ.

ಹೊಲಕ್ಕೆ ಇದರ ಅರ್ಥ ತಿಳಿಯಲು ಅಪಾಯ ಸೂಚ್ಯಂಕ ಸಹಾಯಕ. ಹೆಕ್ಟೇರಿಗೆ ಹಾಕುವ ಸಕ್ರಿಯ ಅಂಶದ ಗ್ರಾಂಗಳನ್ನು ಎಲ್‌ಡಿ50ಯ ಮೈಕ್ರೋಗ್ರಾಂಗಳಿಂದ ಭಾಗಿಸಿದಾಗ 50ಕ್ಕಿಂತ ಕಡಿಮೆ ಬಂದರೆ ಸ್ಪರ್ಶದ ಅಪಾಯ ಕಡಿಮೆ ಎಂದು ಯುರೋಪಿನಲ್ಲಿ ಬಹುಕಾಲದಿಂದ ಎಣಿಸಿದ್ದಾರೆ. ಹೆಕ್ಟೇರಿಗೆ 1000 ಗ್ರಾಂ, ಎಲ್‌ಡಿ50 ನೂರಕ್ಕಿಂತ ಹೆಚ್ಚು ಎಂದಾದರೆ ಸೂಚ್ಯಂಕ 10ಕ್ಕಿಂತ ಕಡಿಮೆ.

ಆದರೂ ವರದಿಯಲ್ಲಿ ‘ಜೇನಿಗೆ ಸುರಕ್ಷಿತ’ ಎಂದು ಬರೆಯಬೇಡಿ. ನೀವು ನೋಡಿರುವುದು ಬೆಳೆದ ಕೆಲಸಗಾರ ನೊಣವನ್ನು, ಒಂದೇ ಸ್ಪರ್ಶವನ್ನು, ಎರಡರಿಂದ ನಾಲ್ಕು ದಿನಗಳನ್ನು ಮಾತ್ರ. ಮರಿಗಳಿಗೆ ಏನಾಗುತ್ತದೆ, ಹತ್ತು ದಿನ ಸ್ವಲ್ಪ ಸ್ವಲ್ಪವೇ ಕುಡಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಮಾರ್ಗಸೂಚಿಗಳಿವೆ. ಹತ್ತು ದಿನ ಕುಡಿಸುವ ಪರೀಕ್ಷೆಯದು 2017ರ 245ನೆಯದು. ಕಳೆನಾಶಕ ಹೊಡೆದಾಗ ಬದುವಿನ ತುಂಬೆ ಸತ್ತು ನೊಣಗಳಿಗೆ ಮೇವು ತಪ್ಪುವುದನ್ನು ಯಾವ ಪಂಜರವೂ ಅಳೆಯುವುದಿಲ್ಲ.

ಹಂತ 9: ಮುಗಿದ ಮೇಲೆ

ಬದುಕುಳಿದ ನೊಣಗಳನ್ನು ಪೆಟ್ಟಿಗೆಗೆ ಮರಳಿ ಬಿಡಬೇಡಿ, ಹೊರಗೂ ಹಾರಿಬಿಡಬೇಡಿ. ಅವುಗಳ ಮೈಮೇಲಿನ ಔಷಧಿ ಕುಟುಂಬಕ್ಕೆ ಸೇರುತ್ತದೆ. ಪಂಜರ ಸಮೇತ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟು ಆಮೇಲೆ ವಿಷಕಾರಿ ಕಸದ ಜೊತೆ ಸೇರಿಸಿ. ಉಳಿದ ದ್ರಾವಣಗಳನ್ನು ಸಿಂಕಿಗೆ ಸುರಿಯದೆ, ಚೀಟಿ ಅಂಟಿಸಿದ ಗಾಜಿನ ಸೀಸೆಯಲ್ಲಿ ಕೂಡಿಸಿಟ್ಟು ಸಂಸ್ಥೆಯ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ. ತಾಲೀಮಿನ ದಿನದಿಂದ ಹಿಡಿದು ಗರಿಷ್ಠ, ಕನಿಷ್ಠ ಉಷ್ಣಾಂಶದ ಪಟ್ಟಿ, ಕುಟುಂಬಗಳ ಗುರುತು, ಉತ್ಪನ್ನದ ಬ್ಯಾಚ್ ಸಂಖ್ಯೆ, ಬದಲಿಸಿದ ನೊಣಗಳ ಸಂಖ್ಯೆ ಇವೆಲ್ಲವನ್ನೂ ಮೂಲ ಪುಸ್ತಕದಲ್ಲಿಯೇ ಇಟ್ಟು, ಅದರ ಪ್ರತಿಯನ್ನು ವರದಿಯ ಹಿಂದೆ ಲಗತ್ತಿಸಿ.